ಎಂಜಿಆರ್: ಪರದೆಯಿಂದ ಎರಡೆಲೆಯವರೆಗೆ

1966ರ ಪೊಂಗಲ್ ಹಬ್ಬಕ್ಕೆ ತೆರೆಕಂಡ ‘ಅನ್ಬೇ ವಾ’ ಹೇಳಿಕೇಳಿ ಪ್ರೇಮಕಥೆ. ಶಿಮ್ಲಾದ ಚಳಿ, ಬಣ್ಣಬಣ್ಣದ ಸ್ವೆಟರು, ನಾಯಕಿಯಾಗಿ ನಮ್ಮ ಬಿ. ಸರೋಜಾದೇವಿ. ರಾಜಕೀಯಕ್ಕೂ ಅದಕ್ಕೂ ದೂರದ ನೆಂಟಸ್ತಿಕೆಯೂ ಇಲ್ಲ. ಆದರೂ ಅದರ ಒಂದು ಹಾಡು ಸೆನ್ಸಾರ್ ಮಂಡಳಿಯವರ ಕಣ್ಣಿಗೆ ಬಿತ್ತು. ಕವಿ ವಾಲಿ ಅದರಲ್ಲಿ ‘ಉದಯ ಸೂರ್ಯ’ ಎಂದು ಬರೆದಿದ್ದರು. ಉದಯಸೂರ್ಯ ಡಿಎಂಕೆಯ ಚುನಾವಣಾ ಚಿಹ್ನೆ, ಹಾಡುವ ನಾಯಕ ಅದೇ ಪಕ್ಷದ ಎಂ.ಜಿ. ರಾಮಚಂದ್ರನ್. ಆ ಪದ ಕೂಡದು ಎಂದರು. ‘ಪುದಿಯ ಸೂರ್ಯ’, ಅಂದರೆ ಹೊಸ ಸೂರ್ಯ, ಎಂದು ತಿದ್ದಿಕೊಂಡು ಹಾಡು ಹೊರಬಂತು. ತಿದ್ದಿ ಏನು ಸಾಧಿಸಿದರೋ ಕಾಣೆ. ಬೆಂಚಿನ ಮೇಲೆ ಕೂತು ಶಿಳ್ಳೆ ಹೊಡೆಯುವವನಿಗೆ ಆಕಾಶದಲ್ಲಿ ಇರುವುದು ಒಬ್ಬನೇ ಸೂರ್ಯ, ಅವನು ಯಾವ ಪಕ್ಷದವನೆಂದು ಗೊತ್ತಿತ್ತು.

‘ಸಿನಿಮಾದವರಿಗೆ ತಮಿಳುನಾಡಿನಲ್ಲಿ ಓಟು ಬೀಳುತ್ತದೆ’ ಎಂಬ ಮಾತನ್ನು ನಾವು ಎಷ್ಟು ಸಲ ಹೇಳಿಲ್ಲ? ವಿಜಯ್ 2024ರಲ್ಲಿ ಪಕ್ಷ ಕಟ್ಟಿದಾಗಲೂ ಬೆಂಗಳೂರಿನ ಚಹಾ ಅಂಗಡಿಗಳಲ್ಲಿ ಕೇಳಿಬಂದದ್ದು ಇದೇ ಮಾತು, ಜೊತೆಗೆ ಎಂಜಿಆರ್ ಹೆಸರು. ಈ ಮಾತು ಅರ್ಧ ಮಾತ್ರ ನಿಜ. ನಟನೆಯಲ್ಲಿ ಎಂಜಿಆರ್‌ಗಿಂತ ಒಂದು ಕೈ ಮೇಲೆಂದು ಬಹುತೇಕರು ಒಪ್ಪುವ ಶಿವಾಜಿ ಗಣೇಶನ್ ಸ್ವಂತ ಪಕ್ಷ ಕಟ್ಟಿಕೊಂಡು 1989ರಲ್ಲಿ ತಿರುವೈಯಾರಿನಲ್ಲಿ ನಿಂತು ತಾವೇ ಸೋತರು. ಕಮಲ್ ಹಾಸನ್ ಪಕ್ಷಕ್ಕೆ 2021ರಲ್ಲಿ ಒಂದು ಸ್ಥಾನವೂ ದಕ್ಕಲಿಲ್ಲ. ರಜನಿಕಾಂತ್ ಹೊಸ್ತಿಲವರೆಗೆ ಬಂದು 2020ರ ಕೊನೆಗೆ ಹಿಂದೆ ಸರಿದರು. ಹಾಗಾದರೆ ಎಂಜಿಆರ್ ಒಬ್ಬರಿಗೆ ಆದದ್ದೇನು?

ನನಗೆ ಕಾಣುವ ಉತ್ತರ ಒಂದು ಲೆಕ್ಕದಲ್ಲಿದೆ. ಎಂಜಿಆರ್ ಡಿಎಂಕೆ ಸೇರಿದ್ದು 1953ರಲ್ಲಿ, ಮುಖ್ಯಮಂತ್ರಿಯಾದದ್ದು 1977ರಲ್ಲಿ. ನಡುವೆ 24 ವರ್ಷ. ಅವರು ಸಿನಿಮಾ ಮುಗಿಸಿ ರಾಜಕೀಯಕ್ಕೆ ಬಂದವರಲ್ಲ. ಎರಡನ್ನೂ ಒಂದೇ ಎತ್ತಿನ ಜೋಡಿಯಂತೆ ಹೂಡಿ ಕಾಲು ಶತಮಾನ ಉತ್ತವರು.

ಕ್ಯಾಂಡಿಯಿಂದ ಕುಂಭಕೋಣಕ್ಕೆ

ಮರುದೂರ್ ಗೋಪಾಲ ರಾಮಚಂದ್ರನ್ ಹುಟ್ಟಿದ್ದು 1917ರ ಜನವರಿ 17ರಂದು, ಆಗಿನ ಸಿಲೋನಿನ ಕ್ಯಾಂಡಿ ಸೀಮೆಯಲ್ಲಿ. ತಂದೆತಾಯಿ ಪಾಲಕ್ಕಾಡ್ ಮೂಲದ ಮಲಯಾಳಿಗಳು. ಮಗು ಇನ್ನೂ ಚಿಕ್ಕದಿರುವಾಗಲೇ ತಂದೆ ತೀರಿಕೊಂಡರು. ತಾಯಿ ಸತ್ಯಭಾಮ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಕುಂಭಕೋಣಕ್ಕೆ ಬಂದರು. ಮನೆಯಲ್ಲಿ ಒಲೆ ಉರಿಯದ ದಿನಗಳಿದ್ದವು. ಓದು ಮೂರನೇ ತರಗತಿಗೆ ನಿಂತಿತು. ಅಣ್ಣ ಚಕ್ರಪಾಣಿ, ತಮ್ಮ ರಾಮಚಂದ್ರನ್ ಇಬ್ಬರೂ ಮದುರೈ ಒರಿಜಿನಲ್ ಬಾಯ್ಸ್ ಕಂಪನಿ ಎಂಬ ನಾಟಕ ಮಂಡಳಿ ಸೇರಿದರು.

ಬಾಲಕರ ನಾಟಕ ಕಂಪನಿ ಎಂದರೆ ಏನೆಂಬುದು ಗುಬ್ಬಿ ಕಂಪನಿಯ ಕಥೆ ಕೇಳಿ ಬೆಳೆದ ನಮಗೆ ಹೊಸದಲ್ಲ. ಹೊತ್ತಿಗೆ ಊಟ, ಹಾಡು, ಕುಣಿತ, ಕತ್ತಿವರಸೆ, ತಪ್ಪಿದರೆ ಏಟು. ಎಂಜಿಆರ್ ಮುಂದೆ ಪರದೆಯ ಮೇಲೆ ಮೈಮರೆಸಿದ ಕತ್ತಿ ಕಾಳಗ, ಬೆನ್ನು ನೆಟ್ಟಗಿಟ್ಟು ನಡೆಯುವ ಆ ಗತ್ತು ಎಲ್ಲ ಅಲ್ಲಿಂದ ಬಂದ ಸರಕು. ಮೊದಲ ಚಿತ್ರ 1936ರ ‘ಸತಿ ಲೀಲಾವತಿ’, ಅಮೆರಿಕದಿಂದ ಬಂದಿದ್ದ ಎಲ್ಲಿಸ್ ಆರ್. ಡಂಗನ್ ನಿರ್ದೇಶಿಸಿದ್ದು. ಅದರಲ್ಲಿ ಪೊಲೀಸ್ ಇನ್ಸ್‌ಪೆಕ್ಟರನ ಸಣ್ಣ ಪಾತ್ರ. ನಾಯಕನಾಗಲು ಮತ್ತೆ ಹನ್ನೊಂದು ವರ್ಷ ಕಾಯಬೇಕಾಯಿತು. 1947ರ ‘ರಾಜಕುಮಾರಿ’ ಬರುವ ಹೊತ್ತಿಗೆ ವಯಸ್ಸು ಮೂವತ್ತು. ಆ ಚಿತ್ರಕ್ಕೆ ಸಂಭಾಷಣೆ ಬರೆದ ಯುವಕ ಎಂ. ಕರುಣಾನಿಧಿ. ಎಂಜಿಆರ್ ಖಾದಿ ಉಟ್ಟ ಗಾಂಧಿಭಕ್ತ, ಕರುಣಾನಿಧಿ ದ್ರಾವಿಡ ಚಳವಳಿಯ ನಾಸ್ತಿಕ ನಾಯಕ ಪೆರಿಯಾರ್ ಬಳಗದವನು. ವಾದವೂ ಆಯಿತು, ಸ್ನೇಹವೂ ಆಯಿತು. ತಮಿಳುನಾಡಿನ ಮುಂದಿನ ನಲವತ್ತು ವರ್ಷದ ರಾಜಕೀಯದ ಬೀಜ ಆ ಸ್ಟುಡಿಯೋದಲ್ಲೇ ಬಿತ್ತು ಎಂದರೆ ತೀರಾ ಹೆಚ್ಚೇನಲ್ಲ.

ಪತ್ರಿಕೆಯಿಲ್ಲದ ಪಕ್ಷ

ಸಿ.ಎನ್. ಅಣ್ಣಾದುರೈ ಡಿಎಂಕೆ ಕಟ್ಟಿದ್ದು 1949ರ ಸೆಪ್ಟೆಂಬರಿನಲ್ಲಿ. ಆಗ ಅವರ ಮುಂದಿದ್ದ ಕಷ್ಟವನ್ನು ಅರಿಯದೆ ಎಂಜಿಆರ್ ಅರ್ಥವಾಗುವುದಿಲ್ಲ. ದೊಡ್ಡ ಪತ್ರಿಕೆಗಳು ಅವರ ಪರ ಇರಲಿಲ್ಲ. ಆಕಾಶವಾಣಿ ಸರ್ಕಾರದ್ದು, ಸರ್ಕಾರ ಕಾಂಗ್ರೆಸ್ಸಿನದು. ಜಮೀನ್ದಾರರು, ಮಿಲ್ಲಿನ ಮಾಲೀಕರು ಕಾಂಗ್ರೆಸ್ಸಿನ ಕಡೆ. ಓದು ಬಾರದ ಹಳ್ಳಿಯವರನ್ನು ಮುಟ್ಟುವುದು ಹೇಗೆ? ಆಗ ಊರೂರಿಗೆ ಟೂರಿಂಗ್ ಟಾಕೀಸುಗಳು ಬರುತ್ತಿದ್ದವು. ನೆಲದ ಟಿಕೆಟ್ಟಿಗೆ ಪುಡಿಗಾಸು ಕೊಟ್ಟು, ಮರಳ ಮೇಲೆ ಕೂತು, ಯಾವ ಜಾತಿಯವನೂ ಯಾವ ಜಾತಿಯವನ ಪಕ್ಕದಲ್ಲೂ ಸಿನಿಮಾ ನೋಡಬಹುದಾದ ಜಾಗ. ಅಣ್ಣಾದುರೈ ಸ್ವತಃ ಚಿತ್ರಕಥೆ ಬರೆದರು, ಕರುಣಾನಿಧಿ ಬರೆದರು. 1952ರ ‘ಪರಾಶಕ್ತಿ’ಯಲ್ಲಿ ಕರುಣಾನಿಧಿ ಬರೆದ ಸಂಭಾಷಣೆ, ಮೊದಲ ಬಾರಿ ಪರದೆಗೆ ಬಂದ ಶಿವಾಜಿ ಗಣೇಶನ್ ಬಾಯಲ್ಲಿ, ಸಿಡಿಲಿನಂತೆ ಬಿತ್ತು.

ಅಂದರೆ ಡಿಎಂಕೆಯ ಮೊದಲ ತಾರೆ ಶಿವಾಜಿಯೇ. ಅವರು ಐವತ್ತರ ದಶಕದ ನಡುವೆ ತಿರುಪತಿಗೆ ಹೋಗಿ ಬಂದದ್ದು ನಾಸ್ತಿಕರ ಪಕ್ಷದಲ್ಲಿ ದೊಡ್ಡ ಗದ್ದಲವಾಗಿ, ಅವರು ಹೊರನಡೆದು ಕೊನೆಗೆ ಕಾಂಗ್ರೆಸ್ ಪಾಲಾದರು. ಖಾಲಿಯಾದ ಆ ಜಾಗ ತುಂಬಿದವರು ಎಂಜಿಆರ್. ಅಂದಹಾಗೆ ಎಂಜಿಆರ್ ದೇವರನ್ನು ಬಿಟ್ಟವರೇನಲ್ಲ. ಕೊಲ್ಲೂರಿನ ಮೂಕಾಂಬಿಕೆಗೆ ಅವರು ಅರ್ಪಿಸಿದ ಚಿನ್ನದ ಖಡ್ಗದ ಸುದ್ದಿ ನಮ್ಮ ಕರಾವಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಒಬ್ಬರಿಗೆ ಮುಳ್ಳಾದದ್ದು ಇನ್ನೊಬ್ಬರಿಗೆ ಹೂವಾದದ್ದು ಹೇಗೆ ಎಂದರೆ, ಅಷ್ಟು ಹೊತ್ತಿಗೆ ಪಕ್ಷಕ್ಕೆ ಎಂಜಿಆರ್ ಬಿಟ್ಟುಕೊಡಲಾಗದ ಆಸ್ತಿಯಾಗಿದ್ದರು.

ಆ ಆಸ್ತಿಯನ್ನು ಕಟ್ಟಿದ ಬಗೆ ಗಮನಿಸಬೇಕಾದದ್ದು. ಸ್ವಂತ ಬ್ಯಾನರಿನ ‘ನಾಡೋಡಿ ಮನ್ನನ್’ 1958ರಲ್ಲಿ ಬಂತು. ನಿರ್ಮಾಣ, ನಿರ್ದೇಶನ, ಎರಡು ಪಾತ್ರ ಎಲ್ಲವೂ ಅವರದೇ. ಸಂಸ್ಥೆಯ ಲಾಂಛನದಲ್ಲೇ ಒಬ್ಬ ಗಂಡು, ಒಬ್ಬ ಹೆಣ್ಣು ಪಕ್ಷದ ಬಾವುಟ ಹಿಡಿದು ನಿಂತಿದ್ದರು. ಕಥೆಯಲ್ಲಿ ರಾಜನ ವೇಷದಲ್ಲಿ ಸಿಂಹಾಸನ ಏರಿದ ಅಲೆಮಾರಿ ಬಡವರಿಗೆ ಬೇಕಾದ ಕಾನೂನು ಹೊರಡಿಸುತ್ತಾನೆ. ಇದ್ದಬದ್ದ ಹಣವನ್ನೆಲ್ಲ ಸುರಿದಿದ್ದ ಎಂಜಿಆರ್, ಗೆದ್ದರೆ ನಾನು ಮನ್ನನ್, ಸೋತರೆ ನಾಡೋಡಿ ಎಂದಿದ್ದರಂತೆ. ದೊರೆಯೋ ಅಲೆಮಾರಿಯೋ ಎಂಬುದು ಆಮೇಲೆ ಇತ್ಯರ್ಥವಾಯಿತು. ತಮಿಳಿನಲ್ಲಿ ಸರೋಜಾದೇವಿಯವರ ಅದೃಷ್ಟ ತೆರೆದದ್ದೂ ಅದೇ ಚಿತ್ರದಿಂದ. ಮುಂದೆ ಇಬ್ಬರೂ ಜೊತೆಯಾಗಿ ಇಪ್ಪತ್ತಾರು ಚಿತ್ರ ಮಾಡಿದರು.

ಆ ಕಾಲದ ಮದ್ರಾಸಿನ ಚಿತ್ರರಂಗಕ್ಕೆ ಭಾಷೆಯ ಬೇಲಿ ಇರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಎಂಜಿಆರ್ ಹೆಸರನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದ 1954ರ ‘ಮಲೈಕ್ಕಳ್ಳನ್’ ಚಿತ್ರವನ್ನು ನಿರ್ದೇಶಕ ಶ್ರೀರಾಮುಲು ನಾಯ್ಡು ಆರು ಭಾಷೆಗಳಲ್ಲಿ ತೆಗೆದರು, ಕನ್ನಡದ್ದು ಕಲ್ಯಾಣಕುಮಾರ್ ನಟಿಸಿದ ‘ಬೆಟ್ಟದ ಕಳ್ಳ’. ಎಂಜಿಆರ್, ಜಯಲಲಿತಾ ಮೊದಲ ಬಾರಿ ಜೊತೆಯಾದ 1965ರ ‘ಆಯಿರತ್ತಿಲ್ ಒರುವನ್’ ನಿರ್ದೇಶಿಸಿದವರು ನಮ್ಮ ಬಿ.ಆರ್. ಪಂತುಲು. ಅದರ ಹಡಗು, ಕಡಲು, ದ್ವೀಪಗಳೆಲ್ಲ ಕಾರವಾರದ್ದು. ಮೇಲುಕೋಟೆಯಲ್ಲಿ ಹುಟ್ಟಿದ ಹುಡುಗಿ ಕಾರವಾರದ ಕಡಲಲ್ಲಿ ಕನ್ನಡದ ನಿರ್ದೇಶಕರ ಕೈಕೆಳಗೆ ಮಲಯಾಳಿ ಮೂಲದ ನಾಯಕನೊಂದಿಗೆ ನಟಿಸಿದ್ದನ್ನು ತಮಿಳರು ತಮ್ಮದೆಂದು ಅಪ್ಪಿಕೊಂಡರು.

ಸಿಗರೇಟು ಸೇದದ ಮನುಷ್ಯ

ಎಂಜಿಆರ್ ಪಾತ್ರಗಳಿಗೆ ಕಟ್ಟುಪಾಡುಗಳಿದ್ದವು. ಕುಡಿಯುವಂತಿಲ್ಲ, ಸೇದುವಂತಿಲ್ಲ. ತಾಯಿಯ ಕಾಲು ಮುಟ್ಟದೆ ಕಥೆ ಮುಂದೆ ಹೋಗುವಂತಿಲ್ಲ. ಹೆಣ್ಣಿನ ಮೈಮೇಲೆ ಕೈಹಾಕಿದವನಿಗೆ ಏಟು ಬೀಳಲೇಬೇಕು. ತಾನಾಗಿ ಮೊದಲು ಹೊಡೆಯುವಂತಿಲ್ಲ, ಎರಡು ಏಟು ತಿಂದು, ಮುಗುಳ್ನಕ್ಕು, ಆಮೇಲೆ ಕೊಡಬೇಕು. ಇನ್ನು ಕಸುಬು. ‘ಪಡಗೋಟ್ಟಿ’ಯಲ್ಲಿ ಬೆಸ್ತ, ‘ತೊಳಿಲಾಳಿ’ಯಲ್ಲಿ ಕೂಲಿ, ‘ವಿವಸಾಯಿ’ಯಲ್ಲಿ ರೈತ, ‘ಮಾಟ್ಟುಕ್ಕಾರ ವೇಲನ್’ನಲ್ಲಿ ದನ ಕಾಯುವವನು, ‘ರಿಕ್ಷಾಕಾರನ್’ನಲ್ಲಿ ರಿಕ್ಷಾ ಎಳೆಯುವವನು. ಈ ಕೊನೆಯದಕ್ಕೆ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂತು. ಒಂದೊಂದು ಚಿತ್ರವೂ ಒಂದೊಂದು ಕಸುಬಿನವರ ಮನೆಬಾಗಿಲಿಗೆ ಹೋಗಿ ಹೆಸರು ಬರೆಸಿಕೊಂಡು ಬಂದಂತೆ. ಪೌರಾಣಿಕ ಪಾತ್ರಗಳ ಗೋಜಿಗೆ ಅವರು ಹೆಚ್ಚು ಹೋಗಲಿಲ್ಲ. ಕನ್ನಡದಲ್ಲಿ ರಾಜಕುಮಾರ್ ಕೃಷ್ಣದೇವರಾಯನೂ ಆದರು, ಬೇಡರ ಕಣ್ಣಪ್ಪನೂ ಆದರು, ಗೂಢಚಾರನೂ ಆದರು. ಎಂಜಿಆರ್ ಯಾವ ವೇಷದಲ್ಲಿ ಬಂದರೂ ಎಂಜಿಆರ್ ಆಗಿಯೇ ಬಂದರು. ನಟನಾಗಿ ಅದು ಮಿತಿ. ರಾಜಕಾರಣಿಗೆ ಬೇಕಾದದ್ದು ಆ ಮಿತಿಯೇ: ಇವತ್ತು ನೋಡಿದವನು ನಾಳೆಯೂ ಹಾಗೆಯೇ ಇರುತ್ತಾನೆಂಬ ಭರವಸೆ.

ಅಭಿಮಾನಿಗಳು ಅವರನ್ನು ಕರೆದದ್ದು ‘ವಾದ್ಯಾರ್’ ಎಂದು, ಅಂದರೆ ಮೇಷ್ಟ್ರು. ಹಾಡುಗಳಲ್ಲಿ ಪಾಠ ಇರುತ್ತಿತ್ತು. ಪಟ್ಟುಕ್ಕೋಟ್ಟೈ ಕಲ್ಯಾಣಸುಂದರಂ ಅವರಂಥ ಎಡಪಂಥೀಯ ಕವಿ, ಕಣ್ಣದಾಸನ್, ವಾಲಿ ಬರೆಯುತ್ತಿದ್ದರು. ಟಿ.ಎಂ. ಸೌಂದರರಾಜನ್ ಕಂಠ ಎಂಜಿಆರ್ ಕಂಠವೇ ಆಗಿಹೋಯಿತು. ಸಿನಿಮಾ ಒಂದು ವಾರ ಓಡಿ ಊರು ಬಿಟ್ಟರೂ ಹಾಡು ಮದುವೆ ಮನೆಯ ಮೈಕಿನಲ್ಲಿ, ಚಹಾ ಅಂಗಡಿಯ ರೇಡಿಯೋದಲ್ಲಿ, ನಾಟಿ ಗದ್ದೆಯಲ್ಲಿ ಉಳಿಯುತ್ತಿತ್ತು. 1965ರ ‘ಎಂಗ ವೀಟ್ಟು ಪಿಳ್ಳೈ’ಯಲ್ಲಿ ಚಾಟಿ ಹಿಡಿದು, ನನ್ನ ಕೈಯಲ್ಲಿ ಅಧಿಕಾರವಿದ್ದರೆ ಬಡವರು ಕಣ್ಣೀರಿಡುವುದಿಲ್ಲ ಎಂಬ ಅರ್ಥ ಬರುವಂತೆ ಹಾಡಿದರು. ಅಧಿಕಾರ ಕೈಗೆ ಬರಲು ಇನ್ನೂ ಹನ್ನೆರಡು ವರ್ಷವಿತ್ತು.

ಪರದೆಯ ಹೊರಗೂ ಇದೇ ಆಟ. ಮದ್ರಾಸಿನ ರಿಕ್ಷಾ ಎಳೆಯುವವರಿಗೆ ಸಾವಿರಗಟ್ಟಲೆ ಮಳೆ ಅಂಗಿ ಹಂಚಿದರು. ಬೆಂಕಿ ಬಿದ್ದ ಗುಡಿಸಲುಗಳಿಗೆ, ನೆರೆ ಬಂದ ಊರಿಗೆ ದುಡ್ಡು ಕೊಟ್ಟರು. ರಾಮಾವರಂ ತೋಟದ ಮನೆಗೆ ಯಾರು ಹೋದರೂ ಊಟ ಹಾಕದೆ ಕಳಿಸುತ್ತಿರಲಿಲ್ಲ. ಇದು ಕರುಣೆಯೋ ಲೆಕ್ಕಾಚಾರವೋ ಎಂದು ಇಂದಿಗೂ ವಾದ ಮಾಡುವವರಿದ್ದಾರೆ. ಹಸಿದು ಬೆಳೆದವನಿಗೆ ಎರಡೂ ಒಂದೇ ಆಗಿರಬಾರದೇಕೆ?

ಮನ್ರಂ ಎಂಬ ಯಂತ್ರ

ವಿಷಯದ ತಿರುಳು ಇರುವುದು ಇಲ್ಲಿ. ‘ರಸಿಗರ್ ಮನ್ರಂ’ ಎಂದರೆ ಅಭಿಮಾನಿ ಸಂಘ. ನಮ್ಮಲ್ಲೂ ಅಭಿಮಾನಿ ಸಂಘಗಳಿವೆ, ಆದರೆ ಎಂಜಿಆರ್ ಮನ್ರಂ ಬೇರೆಯದೇ ಪ್ರಾಣಿ. ಐವತ್ತರ ದಶಕದಲ್ಲೇ ಶುರುವಾಗಿ, ಬೀದಿಗೊಂದು ಕೇರಿಗೊಂದು ಎಂಬಂತೆ ಹಬ್ಬಿದವು. ಪ್ರತಿಯೊಂದಕ್ಕೂ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ. ಸದಸ್ಯರು ಬಹುಪಾಲು ದುಡಿದು ತಿನ್ನುವ ಯುವಕರು: ಕೂಲಿ, ಗಾಡಿಯವನು, ನೇಕಾರ, ಹೋಟೆಲ್ ಮಾಣಿ. ಹಳೆಯ ರಾಜಕೀಯದಲ್ಲಿ ಅಂಥವನು ಯಾವ ಸಮಿತಿಯ ಬಾಗಿಲಲ್ಲೂ ಕಾಲಿಡುವಂತಿರಲಿಲ್ಲ. ಇಲ್ಲಿ ಅವನ ಹೆಸರು ಫಲಕದ ಮೇಲೆ ಬಣ್ಣದಲ್ಲಿ ಬರೆಯಿಸಿಕೊಳ್ಳುತ್ತಿತ್ತು. ಎಂಜಿಆರ್ ಆಕರ್ಷಣೆಯಷ್ಟೇ ಆ ಫಲಕದ ಆಕರ್ಷಣೆಯೂ ದೊಡ್ಡದು.

ಚಿತ್ರ ಬಿಡುಗಡೆಯಾದಾಗ ತೋರಣ, ಕಟೌಟು, ಪಟಾಕಿ. ಬಿಡುವಿದ್ದಾಗ ರಕ್ತದಾನ, ಶಾಲೆ ಮಕ್ಕಳಿಗೆ ಪುಸ್ತಕ, ನೀರಿನ ಅರವಟಿಗೆ. ಚುನಾವಣೆ ಬಂದರೆ ಗೋಡೆಗೆ ಸುಣ್ಣ ಬಳಿದು ಉದಯಸೂರ್ಯ ಬರೆಯುವುದು, ಮುದುಕಿಯರನ್ನು ಮತಗಟ್ಟೆಗೆ ನಡೆಸಿಕೊಂಡು ಹೋಗುವುದು. ಇದಕ್ಕೆಲ್ಲ ಪಕ್ಷ ಕಾಸು ಬಿಚ್ಚಬೇಕಾಗಿರಲಿಲ್ಲ. ಹೆಸರಿಗೆ ಇವು ಡಿಎಂಕೆಗೆ ದುಡಿಯುತ್ತಿದ್ದವು, ನಿಷ್ಠೆ ಮಾತ್ರ ಒಬ್ಬ ಮನುಷ್ಯನಿಗೆ. ಒಂದೇ ಮನೆಯಲ್ಲಿ ಎರಡು ಒಲೆ ಹೊತ್ತಿದಂತೆ. ಅಣ್ಣಾದುರೈ ಇರುವವರೆಗೆ ಹೊಗೆ ಕಾಣಲಿಲ್ಲ.

ಕುತ್ತಿಗೆಯ ಬ್ಯಾಂಡೇಜು

1967ರ ಜನವರಿ 12. ಚುನಾವಣೆಗೆ ಕೆಲವೇ ವಾರ. ಪರದೆಯ ಮೇಲೆ ಖಳನಾಗಿ ನಟಿಸುತ್ತಿದ್ದ ಎಂ.ಆರ್. ರಾಧಾ ರಾಮಾವರಂ ಮನೆಗೆ ಬಂದು, ಮಾತಿನ ನಡುವೆ ಎಂಜಿಆರ್ ಮೇಲೆ ಗುಂಡು ಹಾರಿಸಿದರು, ತಮ್ಮ ಮೇಲೂ ಹಾರಿಸಿಕೊಂಡರು. ಇಬ್ಬರೂ ಬದುಕಿದರು, ರಾಧಾ ಜೈಲಿಗೆ ಹೋದರು. ಖಳ ಮೋಸದಿಂದ ಹೊಡೆದ, ನಾಯಕ ಸಾಯಲಿಲ್ಲ. ಇದನ್ನು ಬರೆದು ಕೊಟ್ಟಿದ್ದರೆ ಎಂಜಿಆರ್ ಚಿತ್ರದ ಕಥೆ ಎಂದು ನಗುತ್ತಿದ್ದರು.

ಕುತ್ತಿಗೆಗೆ ಬ್ಯಾಂಡೇಜು ಸುತ್ತಿ, ಆಸ್ಪತ್ರೆಯ ಹಾಸಿಗೆಯಲ್ಲಿ ಕೂತು ಕೈಮುಗಿದ ಅವರ ಫೋಟೋ ಪೋಸ್ಟರಾಗಿ ರಾಜ್ಯದ ಗೋಡೆಗಳನ್ನು ತುಂಬಿತು. ಪರಂಗಿಮಲೈ ಕ್ಷೇತ್ರದಲ್ಲಿ ಎಂಜಿಆರ್ ಆಸ್ಪತ್ರೆಯಿಂದಲೇ ಗೆದ್ದರು. ಡಿಎಂಕೆ ಅಧಿಕಾರ ಹಿಡಿಯಿತು. ಕಾಂಗ್ರೆಸ್ಸಿನ ಮಾಜಿ ಮುಖ್ಯಮಂತ್ರಿ, ಕಾಮರಾಜರಂಥ ಕಾಮರಾಜರೇ ವಿರುದುನಗರದಲ್ಲಿ ಒಬ್ಬ ವಿದ್ಯಾರ್ಥಿ ನಾಯಕನೆದುರು ಸೋತರು. ಎಲ್ಲವನ್ನೂ ಬ್ಯಾಂಡೇಜಿನ ಲೆಕ್ಕಕ್ಕೆ ಹಾಕುವುದು ತಪ್ಪು. 1965ರ ಹಿಂದಿ ವಿರೋಧಿ ಚಳವಳಿಯ ಗಾಯ ಹಸಿಯಾಗಿತ್ತು, ಅಕ್ಕಿ ಸಿಗುತ್ತಿರಲಿಲ್ಲ, ರೂಪಾಯಿಗೆ ಮೂರು ಪಡಿ ಅಕ್ಕಿ ಕೊಡುತ್ತೇವೆಂದು ಡಿಎಂಕೆ ಹೇಳಿತ್ತು. ಗುಂಡಿನ ಏಟಿಗೆ ಎಂಜಿಆರ್ ಮಾತು ತೊದಲಾಯಿತು. ಬೇರೆಯವರ ದನಿ ಹಾಕಿಸದೆ ಆ ದನಿಯಲ್ಲೇ ಮುಂದೆ ಹತ್ತು ವರ್ಷ ನಟಿಸಿದರು. ಜನ ಆ ತೊದಲನ್ನೂ ಪ್ರೀತಿಸಿದರು.

ಲೆಕ್ಕ ಕೇಳಿದ್ದು

1969ರ ಫೆಬ್ರುವರಿಯಲ್ಲಿ ಅಣ್ಣಾದುರೈ ತೀರಿಕೊಂಡರು. ಮುಂದಿನ ಮುಖ್ಯಮಂತ್ರಿಯಾಗಿ ಕರುಣಾನಿಧಿ ಬರಲು ಎಂಜಿಆರ್ ಬೆಂಬಲವಿತ್ತು. ಎಂಜಿಆರ್ ಪಕ್ಷದ ಖಜಾಂಚಿಯಾದರು. 1971ರಲ್ಲಿ ಡಿಎಂಕೆ 184 ಸ್ಥಾನ ಗೆದ್ದು ಬೀಗಿತು. ಇಷ್ಟು ದೊಡ್ಡ ಗೆಲುವಿನ ಮೇಲೆ ಕರುಣಾನಿಧಿಗೆ ಎಂಜಿಆರ್ ಅಗತ್ಯ ಕಡಿಮೆಯಾಯಿತೇನೋ. ಮಗ ಎಂ.ಕೆ. ಮುತ್ತು 1972ರಲ್ಲಿ ನಾಯಕನಾಗಿ ಪರದೆಗೆ ಬಂದರು, ನೋಟ ನಡಿಗೆಯಲ್ಲಿ ಎಂಜಿಆರ್ ಅಚ್ಚು. ಮುತ್ತು ಹೆಸರಿನಲ್ಲಿ ಮನ್ರಂಗಳೂ ಹುಟ್ಟಿಕೊಂಡವು. ಪಾನನಿಷೇಧ ಸಡಿಲಿಸಿದ್ದು ಎಂಜಿಆರ್‌ಗೆ ಹಿಡಿಸಿರಲಿಲ್ಲ.

1972ರ ಅಕ್ಟೋಬರಿನಲ್ಲಿ ಎಂಜಿಆರ್ ಬಹಿರಂಗ ಸಭೆಯಲ್ಲಿ ಒಂದು ಪ್ರಶ್ನೆ ಎತ್ತಿದರು: ಪಕ್ಷದ ನಾಯಕರು, ಮಂತ್ರಿಗಳು ತಮ್ಮ ಆಸ್ತಿಯ ಲೆಕ್ಕ ಕೊಡಲಿ. ಕೇಳಿದವರು ಖಜಾಂಚಿ. ಪಕ್ಷ ಅವರನ್ನು ಹೊರಹಾಕಿತು. ಅಕ್ಟೋಬರ್ 17ಕ್ಕೆ ಅಣ್ಣಾ ಡಿಎಂಕೆ ಬಂತು. ಬಾವುಟದಲ್ಲಿ ಅಣ್ಣಾದುರೈ ಚಿತ್ರ, ಸಿದ್ಧಾಂತದ ಹೆಸರು ಅಣ್ಣಾಯಿಸಂ. ಅದರಲ್ಲಿ ಏನಿದೆ ಎಂದು ಕೇಳಿದವರಿಗೆ ಸರಿಯಾದ ಉತ್ತರ ಸಿಕ್ಕಿದ್ದು ನಾನು ಕಂಡಿಲ್ಲ.

ಶಾಸಕರಲ್ಲಿ ಬಹುಪಾಲು ಕರುಣಾನಿಧಿ ಬಳಿಯೇ ಉಳಿದರು. ಆದರೆ ಮನ್ರಂಗಳು ರಾತ್ರೋರಾತ್ರಿ ಫಲಕ ಬದಲಿಸಿದವು. ಹೊಸ ಪಕ್ಷ ಕಟ್ಟುವವನಿಗೆ ಎದುರಾಗುವ ದೊಡ್ಡ ತೊಡಕು ಊರೂರಿಗೆ ಶಾಖೆ ಮಾಡುವುದು. ಎಂಜಿಆರ್‌ಗೆ ಶಾಖೆ ಮೊದಲೇ ಇತ್ತು, ಪಕ್ಷ ಆಮೇಲೆ ಬಂತು. ಏಳು ತಿಂಗಳಲ್ಲೇ, 1973ರ ಮೇಯಲ್ಲಿ, ದಿಂಡಿಗಲ್ ಲೋಕಸಭಾ ಉಪಚುನಾವಣೆಯಲ್ಲಿ ಹೊಸ ಪಕ್ಷದ ಮಾಯತ್ತೇವರ್ ಗೆದ್ದರು. ಆಳುವ ಡಿಎಂಕೆ ಮೂರನೇ ಸ್ಥಾನಕ್ಕೆ ಇಳಿಯಿತು. ಅಲ್ಲಿ ಮೊದಲ ಬಾರಿ ಬಳಸಿದ ಚಿಹ್ನೆಯೇ ಎರಡೆಲೆ. ಗೋಡೆಗೆ ಬರೆಯಲು ಸಲೀಸು, ಎರಡು ಬೆರಳೆತ್ತಿದರೆ ಮುಗಿಯಿತು. ಓದು ಬಾರದವನಿಗೂ ಗುರುತು ಸಿಗುವ ಚಿಹ್ನೆ ಅದಕ್ಕಿಂತ ಇನ್ನೊಂದು ಸಿಗಲಿಕ್ಕಿಲ್ಲ. ಆ ಎಲೆ ಗಡಿ ದಾಟಿ ಕೋಲಾರದ ಚಿನ್ನದ ಗಣಿಯ ಕಾರ್ಮಿಕ ಕಾಲೊನಿಗಳಿಗೂ ಬಂತು. ಕೆಜಿಎಫ್ ಕ್ಷೇತ್ರದಿಂದ ಎರಡೆಲೆಯ ಶಾಸಕರು ನಮ್ಮ ವಿಧಾನಸೌಧದಲ್ಲಿ ಕೂತದ್ದುಂಟು.

1976ರ ಜನವರಿ ಕೊನೆಗೆ ಕರುಣಾನಿಧಿ ಸರ್ಕಾರವನ್ನು ಇಂದಿರಾ ಗಾಂಧಿ ವಜಾ ಮಾಡಿದರು. ತುರ್ತುಪರಿಸ್ಥಿತಿಯಲ್ಲಿ ಪ್ರಾದೇಶಿಕ ಪಕ್ಷಗಳಿಗೆ ಕುತ್ತು ಬರಬಹುದೆಂಬ ಅಂಜಿಕೆಯಲ್ಲಿ ಎಂಜಿಆರ್ ಪಕ್ಷದ ಹೆಸರಿನ ಮುಂದೆ ‘ಅಖಿಲ ಭಾರತ’ ಸೇರಿಸಿಕೊಂಡರು. 1977ರ ಜೂನ್ ಚುನಾವಣೆಯಲ್ಲಿ 234ರಲ್ಲಿ 130 ಸ್ಥಾನ. ಇದನ್ನು ಜನ ಮಹಾಪ್ರವಾಹ ಎಂದು ನೆನೆಯುತ್ತಾರೆ, ಆದರೆ ಬಂದ ಮತ ಶೇಕಡ 30ರ ಆಸುಪಾಸು. ಡಿಎಂಕೆ, ಕಾಂಗ್ರೆಸ್, ಜನತಾ ಪಕ್ಷ ಬೇರೆಬೇರೆಯಾಗಿ ನಿಂತು ಉಳಿದದ್ದನ್ನು ಹಂಚಿಕೊಂಡವು. ತಾರೆಯ ಮೋಡಿ ಎನ್ನುವ ಮುಂಚೆ ಈ ಅಂಕಿ ನೋಡುವುದೊಳ್ಳೆಯದು. ಜೂನ್ 30ರಂದು ಅವರು ಪ್ರಮಾಣವಚನ ಸ್ವೀಕರಿಸಿದರು. ಭಾರತದಲ್ಲಿ ಚಿತ್ರನಟನೊಬ್ಬ ಮುಖ್ಯಮಂತ್ರಿಯಾದದ್ದು ಅದೇ ಮೊದಲು. ಕೊನೆಯ ಚಿತ್ರ ತೆರೆಗೆ ಬಂದದ್ದು 1978ರ ಜನವರಿಯಲ್ಲಿ. ಪಂತುಲು ಶುರುಮಾಡಿ, 1974ರಲ್ಲಿ ಅವರು ತೀರಿಕೊಂಡ ಮೇಲೆ ಎಂಜಿಆರ್ ತಾವೇ ನಿರ್ದೇಶಿಸಿ ಮುಗಿಸಿದ ಚಿತ್ರ ಅದು.

ಆಳಿದ ಹತ್ತು ವರ್ಷ

ಆಡಳಿತ ಹೇಗಿತ್ತು ಎಂದರೆ ಎರಡು ಉತ್ತರ. ಮೊದಲನೆಯದು ಊಟ. ಶಾಲೆಯಲ್ಲಿ ಮಧ್ಯಾಹ್ನದ ಊಟ ಕಾಮರಾಜರ ಕಾಲದಲ್ಲೇ ಇತ್ತು. ಎಂಜಿಆರ್ 1982ರ ಜುಲೈ 1ರಿಂದ ಅದನ್ನು ‘ಸತ್ತುಣವು’, ಅಂದರೆ ಪೌಷ್ಟಿಕ ಊಟ, ಎಂದು ಹೊಸದಾಗಿ, ಹಿಂದೆಂದೂ ಕಾಣದ ಗಾತ್ರದಲ್ಲಿ ಹಬ್ಬಿಸಿದರು. ಅಂಗನವಾಡಿಯ ಕೂಸಿನಿಂದ ಹಿಡಿದು ಶಾಲೆಯ ಮಕ್ಕಳವರೆಗೆ ಎಲೆ ಹಾಕಿದರು. ಅಡುಗೆಗೆ, ಬಡಿಸುವುದಕ್ಕೆ ಊರಿನ ಹೆಂಗಸರಿಗೆ, ಅದರಲ್ಲೂ ವಿಧವೆಯರಿಗೆ ಕೆಲಸ. ಅರ್ಥಶಾಸ್ತ್ರಜ್ಞರು ಖಜಾನೆ ಬರಿದಾಗುತ್ತದೆ ಎಂದರು, ಅಧಿಕಾರಿಗಳು ತಲೆ ಕೆರೆದುಕೊಂಡರು. ಅಳುವುದು ಬಿಟ್ಟು ಬೇರೇನೂ ತಿಳಿಯದ ವಯಸ್ಸಿನಲ್ಲಿ ತಾನು ಅನುಭವಿಸಿದ ಹಸಿವೇ ಈ ಯೋಜನೆಗೆ ಕಾರಣ ಎಂಬರ್ಥದಲ್ಲಿ ಎಂಜಿಆರ್ ಉತ್ತರಿಸಿದರು. ಇಪ್ಪತ್ತು ವರ್ಷದ ಮೇಲೆ ಸುಪ್ರೀಂ ಕೋರ್ಟಿನ ಆದೇಶದಿಂದ ದೇಶವೆಲ್ಲ ಆ ದಾರಿಗೆ ಬಂತು. ನಮ್ಮ ಅಕ್ಷರ ದಾಸೋಹ 2002ರ ಮಾತು.

ಹಳ್ಳಿಗಳಲ್ಲಿ ತಲೆಮಾರುಗಳಿಂದ ಒಂದೇ ಮನೆತನದ ಕೈಯಲ್ಲಿದ್ದ ಶಾನುಭೋಗಿಕೆ, ಪಟೇಲಿಕೆಯನ್ನು 1980ರಲ್ಲಿ ತೆಗೆದು ಸಂಬಳದ ಗ್ರಾಮಾಧಿಕಾರಿಗಳನ್ನು ತಂದರು. ಇದಕ್ಕೆ ಸಿಗಬೇಕಾದಷ್ಟು ಹೆಸರು ಅವರಿಗೆ ಸಿಗಲಿಲ್ಲ ಎಂಬುದು ನನ್ನ ಅನಿಸಿಕೆ. ಹಿಂದುಳಿದವರ ಮೀಸಲಾತಿಯಲ್ಲಿ ಮಾತ್ರ ಎಡವಿ ಕಲಿತರು. ವರ್ಷಕ್ಕೆ 9,000 ರೂಪಾಯಿಗಿಂತ ಹೆಚ್ಚು ಆದಾಯವಿದ್ದವರಿಗೆ ಮೀಸಲಾತಿ ಇಲ್ಲ ಎಂದು 1979ರಲ್ಲಿ ಆದೇಶ ಮಾಡಿದರು. ಮರುವರ್ಷ ಲೋಕಸಭೆ ಚುನಾವಣೆಯಲ್ಲಿ ಗೆದ್ದದ್ದು ಎರಡೇ ಸ್ಥಾನ. ಆದೇಶ ಹಿಂತೆಗೆದು, ಶೇಕಡ 31 ಇದ್ದ ಮೀಸಲಾತಿಯನ್ನು 50ಕ್ಕೆ ಏರಿಸಿದರು. ಅದರ ಬೆನ್ನಲ್ಲೇ ಇಂದಿರಾ ಗಾಂಧಿ ಅವರ ಸರ್ಕಾರವನ್ನು ವಜಾ ಮಾಡಿದರು. ಕೆಲವೇ ತಿಂಗಳಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ಎಂಜಿಆರ್ ಮತ್ತೆ ಗೆದ್ದು ಬಂದರು.

ಎರಡನೆಯ ಉತ್ತರ ಕಹಿ. ಪರದೆಯ ಮೇಲೆ ಹೆಂಡ ಮುಟ್ಟದ ನಾಯಕನ ಸರ್ಕಾರವೇ 1981ರಲ್ಲಿ ಸಾರಾಯಿ, ಸೇಂದಿಗೆ ಬಾಗಿಲು ತೆರೆಯಿತು. 1983ರಲ್ಲಿ ಮದ್ಯ ಸಗಟು ವ್ಯಾಪಾರಕ್ಕೆ ‘ಟಾಸ್ಮಾಕ್’ ಎಂಬ ಸರ್ಕಾರಿ ನಿಗಮ ಹುಟ್ಟಿತು. ಬಡವನ ಜೇಬಿನಿಂದ ತೆರಿಗೆಯಾಗಿ ಹೊರಟ ಹಣದಿಂದಲೇ ಬಡವನಿಗೆ ಅನ್ನ ಹಾಕಿ ಹೆಸರು ಗಳಿಸಿದರು, ಲಾಭ ಹೆಂಡದ ದೊರೆಗಳಿಗಾಯಿತು ಎಂದು ವಿದ್ವಾಂಸ ಎಂ.ಎಸ್.ಎಸ್. ಪಾಂಡಿಯನ್ ಕಟುವಾಗಿ ಬರೆದಿದ್ದಾರೆ. ಟೀಕೆ ಸಹಿಸುವ ಗುಣವೂ ಆಳುವವರಿಗೆ ಇರಲಿಲ್ಲ. 1987ರಲ್ಲಿ ಶಾಸಕರನ್ನೂ ಮಂತ್ರಿಗಳನ್ನೂ ಗೇಲಿ ಮಾಡಿದ ಒಂದು ಮುಖಪುಟ ವ್ಯಂಗ್ಯಚಿತ್ರಕ್ಕಾಗಿ ‘ಆನಂದ ವಿಕಟನ್’ ಸಂಪಾದಕರನ್ನು ವಿಧಾನಸಭೆಯೇ ಜೈಲಿಗೆ ಕಳಿಸಿತು, ದೊಡ್ಡ ಗದ್ದಲವಾದ ಮೇಲೆ ಬಿಟ್ಟರು. ಅದಕ್ಕೂ ಒಂದು ವರ್ಷ ಮುಂಚೆ ತಾವು ವಿಧಾನ ಪರಿಷತ್ತಿಗೆ ಕಳಿಸಬೇಕೆಂದಿದ್ದ ನಟಿಯೊಬ್ಬರ ನಾಮಕರಣಕ್ಕೆ ಕಾನೂನಿನ ಅಡ್ಡಿ ಬಂದಾಗ, ಪರಿಷತ್ತನ್ನೇ ರದ್ದು ಮಾಡಿದರು. ಕಾವೇರಿಗೆ ನ್ಯಾಯಮಂಡಳಿ ಬೇಕೆಂದು ತಮಿಳುನಾಡು ಕೇಂದ್ರವನ್ನು ವಿಧ್ಯುಕ್ತವಾಗಿ ಕೇಳಿದ್ದೂ 1986ರಲ್ಲೇ.

ಹಾಸಿಗೆ, ವಿಡಿಯೋ, ಶವಯಾತ್ರೆ

1984ರ ಅಕ್ಟೋಬರಿನಲ್ಲಿ ಮೂತ್ರಪಿಂಡ ಕೈಕೊಟ್ಟಿತು. ಮದ್ರಾಸಿನ ಆಸ್ಪತ್ರೆಯಿಂದ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಕರೆದೊಯ್ದರು. ಅಣ್ಣನ ಮಗಳೇ ಮೂತ್ರಪಿಂಡ ಕೊಟ್ಟರು. ಡಿಸೆಂಬರಿನಲ್ಲಿ ಚುನಾವಣೆ. ಎಂಜಿಆರ್ ಬದುಕಿದ್ದಾರೆಯೇ ಎಂಬ ಗುಸುಗುಸು ಹಬ್ಬಿತ್ತು. ಆಸ್ಪತ್ರೆಯಲ್ಲಿ ಊಟ ಮಾಡುತ್ತಾ, ನಗುತ್ತಾ ಇರುವ ಅವರ ಚಿತ್ರಣವನ್ನು ವಿಡಿಯೋ ಮಾಡಿಸಿ ತಂದು ಊರೂರಲ್ಲಿ ತೋರಿಸಿದರು. ಅಂಡಿಪಟ್ಟಿಯಲ್ಲಿ ಕಾಲಿಡದೆಯೇ ಗೆದ್ದರು. ಇಂದಿರಾ ಹತ್ಯೆಯ ಅನುಕಂಪವೂ ಕಾಂಗ್ರೆಸ್ ಮೈತ್ರಿಯ ಮೂಲಕ ಒದಗಿತು. ಹದಿನೇಳು ವರ್ಷದ ಹಿಂದಿನ ಬ್ಯಾಂಡೇಜಿನ ಪೋಸ್ಟರ್ ಈಗ ಕ್ಯಾಸೆಟ್ಟಾಗಿತ್ತು.

1987ರ ಡಿಸೆಂಬರ್ 24ರಂದು ತೀರಿಕೊಂಡರು. ಮದ್ರಾಸು ಹೊತ್ತಿ ಉರಿಯಿತು. ದುಃಖ ತಾಳದೆ ಜೀವ ತೆಗೆದುಕೊಂಡವರೂ ಇದ್ದರು. ಶವ ಹೊತ್ತ ಗಾಡಿಯ ಮೇಲೇರಿದ ಜಯಲಲಿತಾ ಅವರನ್ನು ಎಲ್ಲರೆದುರು ತಳ್ಳಿ ಇಳಿಸಿದರು. ಮರುವರ್ಷ ಭಾರತರತ್ನ ಬಂತು. ಅವರ ಉಯಿಲಿನಂತೆ ರಾಮಾವರಂ ತೋಟದಲ್ಲಿ ಕಿವಿ ಕೇಳದ, ಮಾತು ಬಾರದ ಮಕ್ಕಳ ಶಾಲೆ ನಡೆಯುತ್ತಿದೆ.

ಪತ್ನಿ ಜಾನಕಿ ಮುಖ್ಯಮಂತ್ರಿಯಾದರು, ತಿಂಗಳೊಳಗೆ ಸರ್ಕಾರ ಬಿತ್ತು. ಪಕ್ಷ ಎರಡು ಹೋಳಾಯಿತು, ಚುನಾವಣಾ ಆಯೋಗ ಎರಡೆಲೆಯನ್ನು ಯಾರಿಗೂ ಕೊಡದೆ ತಡೆಹಿಡಿಯಿತು. 1989ರ ಜನವರಿಯಲ್ಲಿ ಜಾನಕಿ ಬಣ ಜೋಡಿ ಪಾರಿವಾಳದ ಮೇಲೆ, ಜಯಲಲಿತಾ ಬಣ ಹುಂಜದ ಮೇಲೆ ಓಟು ಕೇಳಿದವು. ಎರಡೂ ಕಡೆ ಎಂಜಿಆರ್ ಚಿತ್ರ, ಎಂಜಿಆರ್ ಹಾಡು. ಗಂಡ ಮಲಗಿದ್ದಲ್ಲಿಂದಲೇ ಗೆದ್ದಿದ್ದ ಅಂಡಿಪಟ್ಟಿಯಲ್ಲಿ ಜಾನಕಿ ಸೋತರು. ಹುಂಜಕ್ಕೆ 27 ಸ್ಥಾನ ಸಿಕ್ಕಿತು. ಕರುಣಾನಿಧಿ ಹದಿಮೂರು ವರ್ಷದ ಮೇಲೆ ಕುರ್ಚಿಗೆ ಮರಳಿದರು. ಜಾನಕಿ ರಾಜಕೀಯದಿಂದ ಹಿಂದೆ ಸರಿದರು, ಬಣಗಳು ಒಂದಾದವು, ಎರಡೆಲೆ ವಾಪಸು ಬಂತು. ಮಾರ್ಚ್ ತಿಂಗಳಲ್ಲಿ ಮರುಂಗಾಪುರಿ ಮತ್ತು ಮದುರೈ ಪೂರ್ವ ಕ್ಷೇತ್ರಗಳಿಗೆ ಮತದಾನ ನಡೆಯಿತು. ಆಳುವ ಡಿಎಂಕೆ ಎರಡರಲ್ಲೂ ಸೋತಿತು, ಗೆದ್ದದ್ದು ಎರಡೆಲೆ.